ಬ್ರಿಟಿಷ್ ಏರ್‌ವೇಸ್ ಕ್ಯಾಬಿನ್ ಸಿಬ್ಬಂದಿ ಜಗಳ ಅಷ್ಟು ಉದ್ದ ಎಳೆದದ್ದು ಏಕೆ? ಯೂನಿಯನ್ ನಾಯಕರ ಪಾಲು ಎಷ್ಟು?

ಮುಂಜಾನೆ ಶಿಫ್ಟ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಕಾರ್ಮಿಕ ಕಾನೂನು ಓದುತ್ತಿದ್ದೇನೆ. ಯಾವುದಾದರೂ ಒಂದು ಮುಷ್ಕರವನ್ನು ಆರಿಸಿಕೊಂಡು ಆಳವಾಗಿ ಬರೆಯಬೇಕು. ನಾನು ಆರಿಸಿಕೊಂಡದ್ದು 2009ರಿಂದ 2011ರವರೆಗೆ ನಡೆದ ಬ್ರಿಟಿಷ್ ಏರ್‌ವೇಸ್ ಕ್ಯಾಬಿನ್ ಸಿಬ್ಬಂದಿಯ ವಿವಾದ.

ಎಷ್ಟು ಓದಿದರೂ ಒಂದು ಗಂಟು ಬಿಡಿಸಲು ಆಗುತ್ತಿಲ್ಲ. 2009ರ ಡಿಸೆಂಬರ್‌ನಲ್ಲಿ ಸದಸ್ಯರ ಪೈಕಿ 80% ಜನ ವೋಟು ಹಾಕಿದ್ದಾರೆ. ಅದರಲ್ಲಿ 92% ಜನ ಮುಷ್ಕರಕ್ಕೆ ಹೂಂ ಎಂದಿದ್ದಾರೆ. ಇಷ್ಟು ಒಗ್ಗಟ್ಟು ಯಾವ ಯೂನಿಯನ್‌ಗೆ ಸಿಗುತ್ತದೆ ಹೇಳಿ? 2011ರ ಜೂನ್‌ನಲ್ಲಿ ಕೊನೆಗೆ ಒಪ್ಪಂದವಾಯಿತು. ಅದಕ್ಕೂ ಸುಮಾರು 92% ಜನ ಹೂಂ ಎಂದರು. ನಡುವೆ 22 ದಿನ ಮುಷ್ಕರ, ಎರಡು ಸಲ ಕೋರ್ಟ್ ತಡೆಯಾಜ್ಞೆ, ಮತ್ತೆ ಮತ್ತೆ ಬ್ಯಾಲಟ್ (ಸದಸ್ಯರ ಮತದಾನ). ಆದರೆ ಜಗಳ ಶುರುವಾದದ್ದೇ ವಿಮಾನದಲ್ಲಿ ಸಿಬ್ಬಂದಿಯ ಸಂಖ್ಯೆ ಕಡಿಮೆ ಮಾಡಿದ್ದಕ್ಕೆ. ಆ ಕಡಿತ ಮಾತ್ರ ಹಾಗೇ ಉಳಿಯಿತು.

ನನ್ನ ಸಹಪಾಠಿ ಒಬ್ಬರ ವಾದ ಹೀಗಿದೆ: ಈ ಸಿಬ್ಬಂದಿಯ ಯುನೈಟ್ ಯೂನಿಯನ್‌ನ ದೊಡ್ಡ ನಾಯಕರು ತಮ್ಮ ಮುಂದಿನ ಚುನಾವಣೆಗಾಗಿ ಈ ಜಗಳವನ್ನು ಬಳಸಿಕೊಂಡರು. ಸಿಬ್ಬಂದಿ ಅದಕ್ಕೆ ಬೆಲೆ ತೆತ್ತರು. ಇದು ನಿಜವೇ? ಅಥವಾ ತಪ್ಪೆಲ್ಲ ಕಂಪನಿಯದೇ? ಹತ್ತಿರದಿಂದ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

ಶಂಖಪುಷ್ಪ:

ಕಂಪನಿಯ ಪಾಲನ್ನು ಕಡಿಮೆ ಅಂದಾಜು ಮಾಡಬೇಡಿ. ಆಗ ಸಿಇಒ ಆಗಿದ್ದ ವಿಲ್ಲಿ ವಾಲ್ಶ್ ಹಿಂದೆ ಐರ್ಲೆಂಡ್‌ನ ವಿಮಾನ ಕಂಪನಿ ಏರ್ ಲಿಂಗಸ್‌ನಲ್ಲಿ ಪೈಲಟ್. ಅಲ್ಲಿ ಪೈಲಟ್‌ಗಳ ಯೂನಿಯನ್ ಪರವಾಗಿ ಮಾತುಕತೆಗೆ ಕೂತಿದ್ದವರು. ಯೂನಿಯನ್ ಒಳಗೆ ಹೇಗೆ ಯೋಚನೆ ಮಾಡುತ್ತಾರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವರು ಮಾಡಿದ್ದು ನೋಡಿ. 2009ರ ನವೆಂಬರ್‌ನಲ್ಲಿ ಯೂನಿಯನ್ ಒಪ್ಪಿಗೆ ಇಲ್ಲದೆಯೇ ಹೊಸ ಸಿಬ್ಬಂದಿ ಲೆಕ್ಕ ಜಾರಿ ಮಾಡಿದರು. ಮುಷ್ಕರ ಮುರಿಯಲು ಪೈಲಟ್‌ಗಳೂ ಸೇರಿ ಬೇರೆ ವಿಭಾಗದವರಿಗೆ ಕ್ಯಾಬಿನ್ ತರಬೇತಿ ಕೊಟ್ಟರು. ಮುಷ್ಕರಕ್ಕೆ ಹೋದವರ ರಿಯಾಯಿತಿ ವಿಮಾನ ಟಿಕೆಟ್ ಸೌಲಭ್ಯ ಕಿತ್ತುಕೊಂಡರು. ಆ ವರ್ಷಗಳಲ್ಲಿ ಕಂಪನಿ ನಷ್ಟದಲ್ಲಿ ಇದ್ದದ್ದು ನಿಜ. 2009ರ ಮಾರ್ಚ್‌ಗೆ ಮುಗಿದ ವರ್ಷಕ್ಕೆ 40 ಕೋಟಿ ಪೌಂಡ್, ಮುಂದಿನ ವರ್ಷಕ್ಕೆ 53 ಕೋಟಿ ಪೌಂಡ್. ಅದನ್ನೇ ಗುರಾಣಿ ಮಾಡಿಕೊಂಡರು. ನಾಯಕರ ರಾಜಕೀಯ ಇದರ ಮುಂದೆ ಸಣ್ಣದು ಅನ್ನುವುದು ನನ್ನ ಅಭಿಪ್ರಾಯ.

ಹಳೇ ರೆಪ್:

ಶಂಖಪುಷ್ಪ ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಆದರೆ ಪ್ರಶ್ನೆ ನಾಯಕರ ಬಗ್ಗೆ ಇದೆ. ಅದಕ್ಕೆ ಉತ್ತರ ಕೊಡಲೇಬೇಕು ಅನ್ನಿಸಿತು.

ಆ ವರ್ಷಗಳಲ್ಲಿ ನಾನು ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದಲ್ಲೇ ಇದ್ದೆ. ಬೇರೆ ಕಂಪನಿ, ಚೆಕ್-ಇನ್ ಕೌಂಟರ್. ಯುನೈಟ್‌ನ ಇನ್ನೊಂದು ಬ್ರಾಂಚ್‌ಗೆ ನಾನು ರೆಪ್, ಸದಸ್ಯರ ಪ್ರತಿನಿಧಿ. ಅಂದರೆ ಕ್ಯಾಬಿನ್ ಸಿಬ್ಬಂದಿಯ ಕೋಣೆಯೊಳಗೆ ನಾನು ಕೂತಿರಲಿಲ್ಲ, ಆದರೆ ಅದೇ ಮನೆಯ ಪಕ್ಕದ ಕೋಣೆಯಲ್ಲಿದ್ದೆ. ಹ್ಯಾಟನ್ ಕ್ರಾಸ್ ಹತ್ತಿರದ ಬೆಡ್‌ಫಾಂಟ್ ಫುಟ್‌ಬಾಲ್ ಮೈದಾನವೇ ಅವರ ಮುಷ್ಕರದ ಠಾಣೆ. ನಮ್ಮ ಬ್ರಾಂಚ್‌ನಿಂದ ಬೆಂಬಲ ಕೊಡಲು ಹೋಗುತ್ತಿದ್ದೆವು.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. "ಯೂನಿಯನ್ ನಾಯಕರು" ಎಂದು ಒಂದೇ ಮಾತಿನಲ್ಲಿ ಹೇಳಿದರೆ ಈ ಜಗಳ ಅರ್ಥವೇ ಆಗುವುದಿಲ್ಲ. ಅಲ್ಲಿ ಕಡೇಪಕ್ಷ ಮೂರು ಅಂತಸ್ತು ಇತ್ತು.

ಕೆಳಗಿನದು ಬ್ರಾಂಚ್. ಅದರಲ್ಲೂ ಎರಡು. ಒಂದು ಬಾಸಾ, ದೊಡ್ಡದು, ಹಳೆಯದು, ಸಾರಿಗೆ ಕಾರ್ಮಿಕರ ಟಿಜಿಡಬ್ಲ್ಯುಯು ಯೂನಿಯನ್‌ನ ಮನೆತನದ್ದು. ಇನ್ನೊಂದು ಕ್ಯಾಬಿನ್ ಕ್ರೂ 89. ಹೆಸರೇ ಹೇಳುವ ಹಾಗೆ 1989ರಲ್ಲಿ ಬಾಸಾದಿಂದ ಸಿಡಿದು ಹೋದವರು. ಆಮೇಲೆ ಅಮಿಕಸ್ ಯೂನಿಯನ್ ಕಡೆ ಸೇರಿದರು. ಇವರಿಬ್ಬರ ನಡುವಿನ ಗಾಯ ಹಳೆಯದು. 1997ರ ಜುಲೈನಲ್ಲಿ ಬಾಸಾ ಮೂರು ದಿನ ಮುಷ್ಕರ ಮಾಡಿತು. ಆಗಿನ ಸಿಇಒ ಬಾಬ್ ಐಲಿಂಗ್ ತಂದ ಬದಲಾವಣೆಗಳಿಗೆ ಕ್ಯಾಬಿನ್ ಕ್ರೂ 89 ಆಗಲೇ ಸಹಿ ಹಾಕಿತ್ತು. ಬಾಸಾದವರು ಹೊರಗೆ ನಿಂತು ಹೋರಾಡುತ್ತಿದ್ದರೆ ಇವರು ಒಪ್ಪಂದ ಮಾಡಿಕೊಂಡಿದ್ದರು. ಇಂಥದ್ದನ್ನು ಕೆಲಸದ ಜಾಗದಲ್ಲಿ ಯಾರೂ ಮರೆಯುವುದಿಲ್ಲ. ಹತ್ತು ವರ್ಷ ಕಳೆದರೂ ಯಾರು ಅವತ್ತು ಒಳಗೆ ಹೋದರು, ಯಾರು ಹೊರಗೆ ನಿಂತರು ಅನ್ನುವುದು ಎಲ್ಲರ ಬಾಯಲ್ಲೂ ಇರುತ್ತದೆ.

ಮಧ್ಯದ ಅಂತಸ್ತು ಯುನೈಟ್‌ನ ಪೂರ್ಣಾವಧಿ ಅಧಿಕಾರಿಗಳದು. ಮೇಲಿನದು ಜನರಲ್ ಸೆಕ್ರೆಟರಿ. ಅಲ್ಲೂ ಒಬ್ಬರಲ್ಲ, ಇಬ್ಬರು! 2007ರಲ್ಲಿ ಟಿಜಿಡಬ್ಲ್ಯುಯು ಮತ್ತು ಅಮಿಕಸ್ ಸೇರಿ ಯುನೈಟ್ ಹುಟ್ಟಿತು. ಸೇರಿದಾಗ ಕುರ್ಚಿಯನ್ನು ಒಂದು ಮಾಡಲಿಲ್ಲ. ಟಿಜಿಡಬ್ಲ್ಯುಯು ಕಡೆಯಿಂದ ಟೋನಿ ವುಡ್ಲಿ, ಅಮಿಕಸ್ ಕಡೆಯಿಂದ ಡೆರೆಕ್ ಸಿಂಪ್ಸನ್. ಇಬ್ಬರೂ ಜಂಟಿ ಜನರಲ್ ಸೆಕ್ರೆಟರಿಗಳು. ಹಾಗಾಗಿ ಕೆಳಗೆ ಬಾಸಾ ಮತ್ತು 89ರ ನಡುವೆ ಇದ್ದ ಬಿರುಕು ಮೇಲಿನವರೆಗೂ ಹಾಗೇ ಇತ್ತು.

ಈಗ 2009ರ ಡಿಸೆಂಬರ್‌ಗೆ ಬನ್ನಿ. 92% ವೋಟು ಬಂತು. ಕ್ರಿಸ್‌ಮಸ್‌ಗೆ 12 ದಿನ ಮುಷ್ಕರ ಎಂದು ಘೋಷಣೆಯಾಯಿತು, ಡಿಸೆಂಬರ್ 22ರಿಂದ ಜನವರಿ 2ರವರೆಗೆ. ಪತ್ರಿಕೆಗಳೆಲ್ಲ ಸಿಬ್ಬಂದಿಯ ಮೇಲೆ ಮುಗಿಬಿದ್ದವು. ಅಂಥ ಹೊತ್ತಿನಲ್ಲಿ ಸಿಂಪ್ಸನ್ ಟಿವಿಯಲ್ಲಿ ಕೂತು, 12 ದಿನ ಅನ್ನುವುದು ಬಹುಶಃ ಸ್ವಲ್ಪ ಅತಿಯಾಯಿತು ಎಂಬ ಅರ್ಥದ ಮಾತಾಡಿದರು. ತಮ್ಮದೇ ಯೂನಿಯನ್ ಕೊಟ್ಟ ಮುಷ್ಕರದ ಕರೆ! ನಾವು ಕ್ಯಾಂಟೀನ್‌ನಲ್ಲಿ ಅದನ್ನು ಕೇಳಿ ಒಬ್ಬರ ಮುಖ ಒಬ್ಬರು ನೋಡಿದೆವು. ನನಗೆ ಇವತ್ತಿಗೂ ಅದು ಸಿಟ್ಟು ತರಿಸುತ್ತದೆ. 12 ದಿನ ಜಾಸ್ತಿಯೇ ಇರಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಆ ಮಾತು ಘೋಷಣೆಗೆ ಮುಂಚೆ ಮುಚ್ಚಿದ ಬಾಗಿಲೊಳಗೆ ಆಡಬೇಕಾದದ್ದು.

ಮುಂದಿನ ಮಾರ್ಚ್‌ನಲ್ಲಿ ವುಡ್ಲಿ ಮಾತುಕತೆಗೆ ಇಳಿದರು (ಕ್ರಿಸ್‌ಮಸ್ ಮುಷ್ಕರಕ್ಕೆ ಕೋರ್ಟ್ ತಡೆ ಬಿದ್ದಿತ್ತು). ಯೂನಿಯನ್‌ಗಳ ಒಕ್ಕೂಟ ಟಿಯುಸಿ ಕೂಡ ಮಧ್ಯಸ್ಥಿಕೆಗೆ ಬಂತು. ಕಂಪನಿ ಒಂದು ಪ್ರಸ್ತಾಪ ಇಟ್ಟಿತು. ಅಷ್ಟರಲ್ಲಿ ಯೂನಿಯನ್ ಮುಷ್ಕರದ ದಿನಾಂಕ ಘೋಷಿಸಿತು, ವಾಲ್ಶ್ ಪ್ರಸ್ತಾಪವನ್ನು ವಾಪಸ್ ತೆಗೆದುಕೊಂಡರು. ಅದನ್ನು ಮತ್ತೆ ಮೇಜಿನ ಮೇಲಿಟ್ಟರೆ ಸದಸ್ಯರ ಮುಂದೆ ಇಡುತ್ತೇವೆ ಎಂದು ವುಡ್ಲಿ ಹೇಳಿದರು. ವಾಲ್ಶ್ ಇಡಲಿಲ್ಲ. ಮಾರ್ಚ್ 20ಕ್ಕೆ ಮುಷ್ಕರ ಶುರು.

ಇಲ್ಲೇ ನನ್ನ ಮುಖ್ಯ ಮಾತು ಇರುವುದು. ಸಹಿ ಹಾಕುವ ಅಧಿಕಾರ ಇದ್ದವರಿಗೆ ವೋಟು ತರುವ ಶಕ್ತಿ ಇರಲಿಲ್ಲ. ವೋಟು ತರುವ ಶಕ್ತಿ ಇದ್ದವರಿಗೆ ಸಹಿ ಹಾಕುವ ಅಧಿಕಾರ ಇರಲಿಲ್ಲ. ವುಡ್ಲಿ ಎಷ್ಟೇ ದೊಡ್ಡವರಾದರೂ ಸಿಬ್ಬಂದಿ ಮಾತು ಕೇಳುತ್ತಿದ್ದದ್ದು ಬಾಸಾ ರೆಪ್‌ಗಳದು.

ಯಾಕೆ ಅನ್ನುವುದು ಆ ಕೆಲಸ ನೋಡಿದವರಿಗೆ ತಿಳಿಯುತ್ತದೆ. ಬಾಸಾ ರೆಪ್ ಕಚೇರಿಯಲ್ಲಿ ಕೂರುವವರಲ್ಲ. ನಿಮ್ಮ ಜೊತೆಯೇ ಟ್ರಾಲಿ ತಳ್ಳುವವರು. ಹಾಂಗ್‌ಕಾಂಗ್ ಲೇಓವರ್‌ನಲ್ಲಿ ಅದೇ ಹೋಟೆಲ್‌ನಲ್ಲಿ ಇರುವವರು. ಹೀಥ್ರೋದ ಬೋಯಿಂಗ್ 747 ವಿಮಾನದಲ್ಲಿ 15 ಸಿಬ್ಬಂದಿಯ ಬದಲು 14 ಜನ ಎಂದಾಗ ಹೊರಗಿನವರಿಗೆ ಅದು ಬರೀ ಒಂದು ಅಂಕಿ. ಒಳಗಿನವರಿಗೆ ಹಾಗಲ್ಲ. ಇಡೀ ಕ್ಯಾಬಿನ್ ನೋಡಿಕೊಳ್ಳಬೇಕಾದ ಸರ್ವಿಸ್ ಡೈರೆಕ್ಟರ್ ಈಗ ತಾವೂ ಊಟದ ಸರ್ವಿಸ್‌ಗೆ ಇಳಿಯಬೇಕು. ಹಿಂದೆ ಒಬ್ಬ ಪ್ರಯಾಣಿಕರಿಗೆ ಎದೆನೋವು ಬಂದರೆ, ಮುಂದೆ ಇನ್ನೊಬ್ಬರು ಗಲಾಟೆ ಮಾಡಿದರೆ, ಕೈ ಖಾಲಿ ಇರುವವರು ಯಾರೂ ಇಲ್ಲ. ಇದನ್ನು ಗ್ಯಾಲಿಯಲ್ಲಿ (ವಿಮಾನದ ಅಡುಗೆ ಜಾಗದಲ್ಲಿ) ನಿಂತು ವಿವರಿಸುವ ರೆಪ್‌ನ ಮಾತಿಗೂ ಲಂಡನ್ ಕಚೇರಿಯಿಂದ ಬರುವ ಪತ್ರಕ್ಕೂ ಒಂದೇ ತೂಕ ಇರುವುದು ಸಾಧ್ಯವೇ ಇಲ್ಲ.

ಆದ್ದರಿಂದ ಸದಸ್ಯರನ್ನು ನಾಯಕರು ದಾರಿ ತಪ್ಪಿಸಿದರು ಅನ್ನುವ ಕಥೆಯನ್ನು ನಾನು ಒಪ್ಪುವುದಿಲ್ಲ. ಆ 92% ಕೆಳಗಿನಿಂದ ಬಂದದ್ದು. ಮೇಲಿನವರಿಗೆ ಅದನ್ನು ಎತ್ತಿಕೊಂಡು ಹೋಗಿ ಒಂದು ಕಡೆ ಮುಟ್ಟಿಸಲು ಗೊತ್ತಾಗಲಿಲ್ಲ.

ಕೋರ್ಟ್‌ಹಾಲ್ ಬೆಂಚು:

ಕಾನೂನಿನ ವಿದ್ಯಾರ್ಥಿ ಎಂದಿರಿ. ಹಾಗಾಗಿ ಇದನ್ನು ಸೇರಿಸುತ್ತೇನೆ, ಯಾಕೆಂದರೆ ಇದಕ್ಕೂ ನಾಯಕತ್ವಕ್ಕೂ ನೇರ ಸಂಬಂಧ ಇದೆ.

ಬ್ರಿಟನ್‌ನಲ್ಲಿ ಮುಷ್ಕರಕ್ಕೆ ಆಗ 1992ರ ಕಾಯ್ದೆ ಪ್ರಕಾರ ಅಂಚೆ ಬ್ಯಾಲಟ್ ಆಗಲೇಬೇಕಿತ್ತು. ಪ್ರತಿ ಹೆಜ್ಜೆಗೂ ನೋಟಿಸ್. ಡಿಸೆಂಬರ್ 17ಕ್ಕೆ ನ್ಯಾಯಮೂರ್ತಿ ಲಾರಾ ಕಾಕ್ಸ್ ಮುಷ್ಕರಕ್ಕೆ ತಡೆ ಕೊಟ್ಟದ್ದು ಏಕೆ ಗೊತ್ತಾ? ಸ್ವಯಂ ನಿವೃತ್ತಿ ತೆಗೆದುಕೊಂಡು ಹೊರಟಿದ್ದ ನೂರಾರು ಜನರಿಗೂ ಬ್ಯಾಲಟ್ ಕಾಗದ ಹೋಗಿತ್ತು. ಅವರನ್ನು ಬಿಟ್ಟು ಲೆಕ್ಕ ಹಾಕಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಆದರೂ ಮುಷ್ಕರ ಹೋಯಿತು.

ಫೆಬ್ರುವರಿಯಲ್ಲಿ ಎರಡನೇ ಬ್ಯಾಲಟ್. 9,282 ವೋಟು ಬಿದ್ದವು. 7,482 ಪರ, 1,789 ವಿರುದ್ಧ, 11 ಅಸಿಂಧು. ಆ 11 ಅಸಿಂಧು ವೋಟುಗಳ ಲೆಕ್ಕವನ್ನು ಸದಸ್ಯರಿಗೆ ಸರಿಯಾಗಿ ತಿಳಿಸಲಿಲ್ಲ ಅನ್ನುವ ಕಾರಣಕ್ಕೆ 2010ರ ಮೇ 17ಕ್ಕೆ ಮತ್ತೆ ತಡೆಯಾಜ್ಞೆ! ಮೂರು ದಿನದಲ್ಲಿ ಅಪೀಲು ಕೋರ್ಟ್ ಅದನ್ನು ಎರಡಕ್ಕೆ ಒಂದರ ಬಹುಮತದಲ್ಲಿ ತೆಗೆದುಹಾಕಿತು. ಅಷ್ಟರಲ್ಲಿ ಮೊದಲ ಐದು ದಿನದ ಮುಷ್ಕರ ಕೈತಪ್ಪಿತ್ತು.

ಇನ್ನೊಂದು ಗಡಿಯಾರ ಓಡುತ್ತಿತ್ತು. ಆಗಿನ ಕಾನೂನಿನಲ್ಲಿ, ಕಾನೂನುಬದ್ಧ ಮುಷ್ಕರದ ಮೊದಲ 12 ವಾರ ಮುಷ್ಕರಕ್ಕೆ ಹೋದದ್ದಕ್ಕಾಗಿ ಕೆಲಸದಿಂದ ತೆಗೆಯದಂತೆ ರಕ್ಷಣೆ ಇರುತ್ತಿತ್ತು. ಆಮೇಲೆ ಅದು ಅಷ್ಟು ಗಟ್ಟಿ ಆಗಿರಲಿಲ್ಲ. ಮಾರ್ಚ್ 20ರಿಂದ 12 ವಾರ ಎಣಿಸಿ, ಜೂನ್ 12ಕ್ಕೆ ಬರುತ್ತದೆ. ಕೊನೆಯ ಮುಷ್ಕರ ಮುಗಿದದ್ದು ಜೂನ್ 9ಕ್ಕೆ. ಆಮೇಲೆ ಒಂದು ದಿನವೂ ಮುಷ್ಕರ ಆಗಿಲ್ಲ. ಇದು ಕಾಕತಾಳೀಯ ಅಲ್ಲ ಎಂದೇ ನನ್ನ ಓದು. ನಾಯಕರು ಇದನ್ನು ಸದಸ್ಯರಿಗೆ ಎಷ್ಟು ಬಿಡಿಸಿ ಹೇಳಿದರು ಅನ್ನುವುದನ್ನು ನೀವು ಹುಡುಕಿ ನೋಡಬೇಕು.

ಮುಂಜಾನೆ ಶಿಫ್ಟ್:

ತುಂಬಾ ಧನ್ಯವಾದ. 12 ವಾರದ ಲೆಕ್ಕ ನನಗೆ ಹೊಳೆದೇ ಇರಲಿಲ್ಲ.

ಹಳೇ ರೆಪ್ ಅವರಿಗೆ ಮತ್ತೆ ಒಂದು ಪ್ರಶ್ನೆ. ನೀವು ಚುನಾವಣೆಯ ವಿಷಯಕ್ಕೆ ಬರಲಿಲ್ಲ. ಲೆನ್ ಮೆಕ್‌ಕ್ಲಸ್ಕಿ ಆಗ ಅಸಿಸ್ಟೆಂಟ್ ಜನರಲ್ ಸೆಕ್ರೆಟರಿ. ಈ ವಿವಾದದಲ್ಲಿ ಅವರ ಮುಖ ಎಲ್ಲೆಡೆ ಕಾಣುತ್ತಿತ್ತು. ಅದೇ ವರ್ಷ ಜನರಲ್ ಸೆಕ್ರೆಟರಿ ಆಗಿ ಗೆದ್ದರು. ನನ್ನ ಸಹಪಾಠಿ ಬೊಟ್ಟು ಮಾಡುವುದು ಅದನ್ನೇ. ಇನ್ನೊಂದು, ಸಂಧಾನದ ಸಭೆಯಿಂದಲೇ ಟ್ವೀಟ್ ಮಾಡಿದ ಕಥೆ ನಿಜವೇ?

ಹಳೇ ರೆಪ್:

ಟ್ವೀಟ್ ಕಥೆ ನಿಜ. 2010ರ ಮೇ 22, ಶನಿವಾರ. ಲಂಡನ್‌ನ ಯೂಸ್ಟನ್ ಟವರ್‌ನಲ್ಲಿ ಸರ್ಕಾರಿ ಸಂಧಾನ ಸಂಸ್ಥೆ ಏಕಾಸ್‌ನ ಕಚೇರಿ. ಒಳಗೆ ವಾಲ್ಶ್, ವುಡ್ಲಿ, ಸಿಂಪ್ಸನ್ ಮಾತುಕತೆಗೆ ಕೂತಿದ್ದರು. ಸಿಂಪ್ಸನ್ ಅಲ್ಲಿಂದಲೇ ಏನು ನಡೆಯುತ್ತಿದೆ ಎಂದು ಟ್ವಿಟರ್‌ನಲ್ಲಿ ಹಾಕುತ್ತಿದ್ದರು. ಅದು ವಾಲ್ಶ್‌ಗೆ ಗೊತ್ತಾಗಿ ಕೆಂಡವಾದರು. ಅದೇ ದಿನ ಒಂದು ಎಡಪಂಥೀಯ ಪಕ್ಷದ ಪ್ರತಿಭಟನಾಕಾರರು ಕಟ್ಟಡಕ್ಕೆ ನುಗ್ಗಿ ಮಾತುಕತೆಯ ಕೋಣೆವರೆಗೂ ಬಂದರು. ಅವರು ಯೂನಿಯನ್‌ನವರು ಕಳಿಸಿದವರಲ್ಲ. ವುಡ್ಲಿಗೇ ಅವರ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಸಭೆ ಮುರಿದು ಬಿತ್ತು, ಸೋಮವಾರದಿಂದ ಮತ್ತೆ ಮುಷ್ಕರ.

ಸಂಬಳ ಕಳೆದುಕೊಂಡು ಮೈದಾನದಲ್ಲಿ ನಿಂತಿದ್ದವರಿಗೆ ಈ ಸುದ್ದಿ ಹೇಗೆ ಮುಟ್ಟಿತು ಯೋಚಿಸಿ. ಬೆಡ್‌ಫಾಂಟ್‌ನಲ್ಲಿ ಒಬ್ಬ ಪರ್ಸರ್ (ಹಿರಿಯ ಕ್ಯಾಬಿನ್ ಸಿಬ್ಬಂದಿ) ನನಗೆ ಹೇಳಿದ್ದು ನೆನಪಿದೆ: "ನಮ್ಮ ಬದುಕು ಅಲ್ಲಿ ಮೇಜಿನ ಮೇಲಿದೆ, ಅವರ ಕಣ್ಣು ಫೋನ್ ಮೇಲಿದೆ." ಆಕೆ ಸ್ಕಾಟ್ಲೆಂಡ್‌ನಿಂದ ವಿಮಾನದಲ್ಲಿ ಕೆಲಸಕ್ಕೆ ಬಂದು ಹೋಗುತ್ತಿದ್ದವರು. ರಿಯಾಯಿತಿ ಟಿಕೆಟ್ ಹೋದರೆ ಆಕೆಗೆ ರಜೆಯ ಮೋಜು ಹೋಗುವುದಲ್ಲ, ಕೆಲಸಕ್ಕೆ ಬರುವ ದಾರಿಯೇ ಹೋಗುತ್ತದೆ. ಪತ್ರಿಕೆಗಳು ಅದನ್ನು ಸುಮ್ನೆ "ಸವಲತ್ತು" ಎಂದು ಬರೆದವು. ಈ ಟಿಕೆಟ್ ವಿಷಯವೇ ಆಮೇಲೆ ಇಡೀ ಜಗಳದ ನಡುಮಧ್ಯಕ್ಕೆ ಬಂತು. 14-15ರ ಪ್ರಶ್ನೆ ಹಿಂದೆ ಸರಿಯಿತು. ಕಂಪನಿ ಕೊಟ್ಟ ಶಿಕ್ಷೆಯನ್ನು ವಾಪಸ್ ತೆಗೆಸುವುದೇ ಯೂನಿಯನ್‌ನ ಗುರಿಯಾಗಿಬಿಟ್ಟಿತು. ಶಂಖಪುಷ್ಪ ಅವರು ವಾಲ್ಶ್ ಚಾಣಾಕ್ಷ ಎಂದದ್ದು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಈಗ ಮೆಕ್‌ಕ್ಲಸ್ಕಿ. ನಿಮ್ಮ ಸಹಪಾಠಿಯ ವಾದವನ್ನು ತಾರೀಖುಗಳ ಮುಂದೆ ಇಟ್ಟು ನೋಡಿ. ಜೂನ್ 9ರ ನಂತರ ಮುಷ್ಕರ ಇಲ್ಲ. ಜುಲೈನಲ್ಲಿ ಕಂಪನಿಯ ಪ್ರಸ್ತಾಪದ ಮೇಲೆ ಸದಸ್ಯರ ಅಭಿಪ್ರಾಯ ಕೇಳಿದರು. ವೋಟು ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಬೇಡ ಎಂದರು. ಆದರೆ ವೋಟು ಹಾಕಿದವರೇ ಅರ್ಧಕ್ಕಿಂತ ಕಡಿಮೆ. ಅದಕ್ಕೆ ಮುಂಚಿನ ಬ್ಯಾಲಟ್‌ಗಳಲ್ಲಿ ಸುಮಾರು 80% ಜನ ಹಾಕಿದ್ದರು ಅನ್ನುವುದನ್ನು ಮರೆಯಬೇಡಿ. ಜನ ದಣಿದಿದ್ದರು. ಯಾವ ಕಡೆಗೆ ವೋಟು ಹಾಕಿ ಎಂದು ಯೂನಿಯನ್ ಕೂಡ ಹೇಳಿರಲಿಲ್ಲ. ಜನರಲ್ ಸೆಕ್ರೆಟರಿ ಚುನಾವಣೆ ನಡೆದದ್ದು ಆ ಶರತ್ಕಾಲದಲ್ಲಿ, ಫಲಿತಾಂಶ ನವೆಂಬರ್‌ನಲ್ಲಿ. ಅಂದರೆ ಪ್ರಚಾರದ ತಿಂಗಳುಗಳಲ್ಲಿ ಒಂದೇ ಒಂದು ದಿನ ಮುಷ್ಕರ ಇಲ್ಲ. ಮುಷ್ಕರದ ಮೇಲೆ ಸವಾರಿ ಮಾಡಿ ಗೆದ್ದರು ಅನ್ನುವುದು ಹಾಗಾಗಿ ನಿಲ್ಲುವುದಿಲ್ಲ.

ಆದರೆ ಚುನಾವಣೆಯಿಂದ ಏನೂ ಆಗಲಿಲ್ಲ ಎಂದೂ ನಾನು ಹೇಳಲಾರೆ. ಆಗಿದ್ದು ಬೇರೆಯದು. ಹೊರಟು ನಿಂತ ಇಬ್ಬರು ಜನರಲ್ ಸೆಕ್ರೆಟರಿಗಳ ಮಾತಿಗೆ ಬೆಲೆ ಕಡಿಮೆಯಾಯಿತು. ಅಕ್ಟೋಬರ್‌ನಲ್ಲಿ ವುಡ್ಲಿ ಒಂದು ಒಪ್ಪಂದದ ಕರಡು ತಂದರು. ಮಾತುಕತೆಯಿಂದ ಇದಕ್ಕಿಂತ ಜಾಸ್ತಿ ಸಿಗದು ಅನ್ನುವುದು ಅವರ ನಿಲುವು. ಬ್ಯಾಲಟ್‌ಗೆ ತಯಾರಿಯೂ ಆಯಿತು. ರೆಪ್‌ಗಳು ಅದನ್ನು ಶಿಫಾರಸು ಮಾಡಲು ಒಪ್ಪಲಿಲ್ಲ. ಕೊನೆಗೆ ಆ ಬ್ಯಾಲಟ್ ನಡೆಯಲೇ ಇಲ್ಲ. ಇನ್ನೆರಡು ತಿಂಗಳಲ್ಲಿ ಹೋಗುವವರ ಮಾತು ಕೇಳಿ ರೆಪ್‌ಗಳು ಯಾಕೆ ಸದಸ್ಯರ ಎದುರು ಹೋಗುತ್ತಾರೆ? ನಾನೇ ರೆಪ್ ಆಗಿದ್ದಾಗ ಇಂಥ ಜಾಗದಲ್ಲಿ ನಿಂತಿದ್ದೇನೆ. ನಮ್ಮ ಕಂಪನಿಯಲ್ಲಿ ಶಿಫ್ಟ್ ಬದಲಾವಣೆಯ ಜಗಳ. ಮೇಲಿನ ಅಧಿಕಾರಿ ಬಂದು "ಇದನ್ನು ನಿಮ್ಮವರಿಗೆ ಒಪ್ಪಿಸಿ" ಎಂದು ಕಾಗದ ಕೊಟ್ಟು ಹೋದರು. ನಾಳೆ ಬೆಳಗಿನ ಜಾವ ಅದೇ ಜನರ ಜೊತೆ ಕೌಂಟರ್‌ನಲ್ಲಿ ನಿಲ್ಲಬೇಕಾದವಳು ನಾನು. ಆ ಕಾಗದ ನನ್ನದು ಅನ್ನಿಸದೆ ಹೋದರೆ ನನ್ನ ಬಾಯಿಂದ ಮಾತೇ ಹೊರಡುವುದಿಲ್ಲ.

ಮೆಕ್‌ಕ್ಲಸ್ಕಿ ಸುಮಾರು 1 ಲಕ್ಷ ವೋಟು ಪಡೆದು ಗೆದ್ದರು. ಇಡೀ ಯೂನಿಯನ್‌ನಲ್ಲಿ ವೋಟು ಹಾಕಿದವರು 16% ಮಾತ್ರ. ಅಂದರೆ ಅವರಿಗೂ ಬಲವಾದ ತಳಪಾಯ ಇತ್ತು ಎಂದಲ್ಲ. ಆದರೆ 2011ರ ಜನವರಿ ಹೊತ್ತಿಗೆ ಯುನೈಟ್‌ಗೆ ಮೊದಲ ಬಾರಿ ಒಬ್ಬರೇ ನಾಯಕರು ಸಿಕ್ಕರು. ಬಾಸಾ ರೆಪ್‌ಗಳಿಗೆ ಅವರ ಮೇಲೆ ನಂಬಿಕೆ ಇತ್ತು. ಅದೇ ಹೊತ್ತಿಗೆ ಕಂಪನಿ ಕಡೆಯಲ್ಲೂ ವಾಲ್ಶ್ ಮೇಲಿನ ಹೋಲ್ಡಿಂಗ್ ಕಂಪನಿ ಐಎಜಿಗೆ ಹೋದರು, ಕೀತ್ ವಿಲಿಯಮ್ಸ್ ಬಂದರು. ಮಾರ್ಚ್‌ನಲ್ಲಿ ಮತ್ತೆ ಬ್ಯಾಲಟ್ ಆಗಿ 83% ಹೂಂ ಬಂತು. ಅದನ್ನು ಕೈಯಲ್ಲಿ ಹಿಡಿದೇ ಮಾತುಕತೆ ಮಾಡಿದರು, ಮುಷ್ಕರದ ದಿನಾಂಕ ಮಾತ್ರ ಘೋಷಿಸಲಿಲ್ಲ. ಎರಡೂ ಕಡೆಯವರು ಒಪ್ಪಿ, ಬ್ಯಾಲಟ್ ಆದ ಮೇಲೆ ಮುಷ್ಕರ ಶುರು ಮಾಡಲು ಇದ್ದ ಕಾನೂನಿನ ಗಡುವನ್ನೇ ಮುಂದಕ್ಕೆ ಹಾಕಿಕೊಂಡರು. ಮೇ 12ಕ್ಕೆ ಅದೇ ಬೆಡ್‌ಫಾಂಟ್ ಮೈದಾನದಲ್ಲಿ ಸದಸ್ಯರ ಎದುರು ಒಪ್ಪಂದ ಹೇಳಿದರು. ರೆಪ್‌ಗಳು ಅದರ ಜೊತೆಗಿದ್ದರು. ಜೂನ್‌ನಲ್ಲಿ ನೀವು ಹೇಳಿದ ಆ 92% ಬಂದದ್ದು ಹೀಗೆ.

ಶಂಖಪುಷ್ಪ:

ಹಳೇ ರೆಪ್ ಅವರೇ, ನಿಮ್ಮ ಮಾತು ಓದಿ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಆದರೆ ಒಂದು ವಿಷಯ ನೀವೂ ಬಿಟ್ಟಿರಿ. ಮಿಕ್ಸ್ಡ್ ಫ್ಲೀಟ್.

ನಾಯಕರು ಯಾರ ಮಾತಿಗೆ ಬೆಲೆ ಎಂದು ತೀರ್ಮಾನ ಮಾಡಿಕೊಳ್ಳುತ್ತಿದ್ದಾಗ, 2010ರ ಕೊನೆಗೆ ಕಂಪನಿ ಹೊಸ ಸಿಬ್ಬಂದಿಯನ್ನು ಹೊಸ ಷರತ್ತಿನ ಮೇಲೆ ತೆಗೆದುಕೊಳ್ಳಲು ಶುರು ಮಾಡಿತು. ಕಡಿಮೆ ಸಂಬಳ, ಪ್ರತ್ಯೇಕ ಪಡೆ. ಅದೇ ಮಿಕ್ಸ್ಡ್ ಫ್ಲೀಟ್. 2011ರ ಒಪ್ಪಂದದಲ್ಲಿ ಹಳಬರಿಗೆ ಎರಡು ವರ್ಷಕ್ಕೆ 7.5%ವರೆಗೆ ಸಂಬಳ ಏರಿಕೆ, ಟಿಕೆಟ್ ವಾಪಸ್, ಶಿಸ್ತುಕ್ರಮದ ಪ್ರಕರಣಗಳು ಏಕಾಸ್‌ಗೆ. ಒಳ್ಳೆಯದೇ. ಹೊಸಬರ ಪಡೆ ಮಾತ್ರ ಹಾಗೇ ಉಳಿಯಿತು. 2017ರಲ್ಲಿ ಅದೇ ಮಿಕ್ಸ್ಡ್ ಫ್ಲೀಟ್‌ನವರು ಸಂಬಳಕ್ಕಾಗಿ ತಿಂಗಳುಗಟ್ಟಲೆ ಆಗಾಗ ಮುಷ್ಕರ ಮಾಡಬೇಕಾಯಿತು. 2011ರ ಬ್ಯಾಲಟ್‌ನಲ್ಲಿ ಅವರ ಪರವಾಗಿ ಮಾತಾಡುವ ರೆಪ್ ಯಾರಿದ್ದರು?

ಹಳೇ ರೆಪ್:

ಇದು ಸರಿಯಾದ ಪ್ರಶ್ನೆ. ಉತ್ತರ ಕಹಿಯಾದದ್ದು. ಆ ಕೋಣೆಯಲ್ಲಿ ಹೊಸಬರ ಪರ ಗಟ್ಟಿ ದನಿ ಇರಲಿಲ್ಲ. ಬ್ರಾಂಚ್ ನಾಯಕತ್ವದಲ್ಲಿ ಇದ್ದವರು ಹೆಚ್ಚಾಗಿ ದೀರ್ಘ ಸರ್ವಿಸ್ ಇದ್ದವರು. ಅವರನ್ನು ಆರಿಸಿದವರೂ ಅಂಥವರೇ. ತಮ್ಮನ್ನು ಆರಿಸಿದವರ ಹಕ್ಕು ಕಾಪಾಡುವುದರಲ್ಲಿ ಅವರು ಪ್ರಾಮಾಣಿಕರಾಗಿದ್ದರು, ನನಗೆ ಅದರಲ್ಲಿ ಅನುಮಾನವಿಲ್ಲ. ಬಾಸಾದ ಬ್ರಾಂಚ್ ಸೆಕ್ರೆಟರಿ 2010ರಲ್ಲಿ ಕೆಲಸವನ್ನೇ ಕಳೆದುಕೊಂಡರು, ಯೂನಿಯನ್ ಕೆಲಸಕ್ಕೆ ಸಮಯ ತೆಗೆದುಕೊಂಡ ವಿವಾದದಲ್ಲಿ. ಅಂಥವರನ್ನು ಸ್ವಾರ್ಥಿ ಎಂದರೆ ನಾನು ಸುಮ್ಮನಿರುವುದಿಲ್ಲ. ಆದರೆ ಇನ್ನೂ ನೇಮಕವೇ ಆಗದವರಿಗೆ ವೋಟು ಇರುವುದಿಲ್ಲ. ಜಗಳ ಎಳೆದಷ್ಟೂ ಕಂಪನಿಗೆ ಹೊಸ ಪಡೆ ಕಟ್ಟಲು ಸಮಯ ಸಿಕ್ಕಿತು. ಮಾರ್ಚ್ 2010ರಲ್ಲೇ ಒಪ್ಪಂದ ಆಗಿದ್ದರೆ ಮಿಕ್ಸ್ಡ್ ಫ್ಲೀಟ್‌ನ ಷರತ್ತುಗಳ ಮೇಲೆ ಮಾತಾಡಲು ಯೂನಿಯನ್‌ಗೆ ಜಾಸ್ತಿ ಜಾಗ ಇರುತ್ತಿತ್ತು ಅನ್ನುವುದು ನನ್ನ ನಂಬಿಕೆ.

ಇನ್ನೊಂದು ಗುಂಪನ್ನೂ ಗಮನಿಸಿ. ಮುಷ್ಕರ ಬೇಡ ಎಂದಿದ್ದ ಸಿಬ್ಬಂದಿ 2010ರಲ್ಲಿ ಪ್ರೊಫೆಷನಲ್ ಕ್ಯಾಬಿನ್ ಕ್ರೂ ಕೌನ್ಸಿಲ್ ಎಂದು ತಮ್ಮದೇ ಗುಂಪು ಕಟ್ಟಿಕೊಂಡರು. ಬಾಸಾದವರು ಅವರನ್ನು ಕಂಪನಿಯ ಕೈಗೊಂಬೆ ಎಂದರು. ನಾನು ಹಾಗೆ ತಳ್ಳಿಹಾಕಲಾರೆ. ಫೆಬ್ರುವರಿ ಬ್ಯಾಲಟ್‌ನಲ್ಲಿ ಬೇಡ ಎಂದ 1,789 ಜನರ ಮಾತನ್ನು ಬ್ರಾಂಚ್ ಒಳಗೆ ಕೂತು ಕೇಳಿದ್ದರೆ ಅವರಲ್ಲಿ ಹಲವರು ಹೊರಗೆ ಹೋಗುತ್ತಿರಲಿಲ್ಲ.

ಕೋರ್ಟ್‌ಹಾಲ್ ಬೆಂಚು:

ಮುಂಜಾನೆ ಶಿಫ್ಟ್, ಒಂದು ಸಲಹೆ. 2010ರ ಪ್ರಸ್ತಾಪಗಳನ್ನೂ 2011ರ ಒಪ್ಪಂದವನ್ನೂ ಪಕ್ಕಪಕ್ಕ ಇಟ್ಟು ಓದಿ. ಟಿಕೆಟ್ ರಿಯಾಯಿತಿಯನ್ನೇ ತೆಗೆದುಕೊಳ್ಳಿ. 2010ರಲ್ಲಿ ಕಂಪನಿ ಅದನ್ನು ವಾಪಸ್ ಕೊಡುತ್ತೇನೆ ಎಂದಿತ್ತು, ಆದರೆ ಹಳೇ ಸೀನಿಯಾರಿಟಿ ಇಲ್ಲದೆ. 2011ರಲ್ಲಿ ಪೂರ್ತಿ ವಾಪಸ್. ಎಷ್ಟು ಹೆಚ್ಚು ಸಿಕ್ಕಿತು, ಅದಕ್ಕೆ ಎಷ್ಟು ತೆತ್ತರು ಅನ್ನುವುದು ಅಲ್ಲೇ ಕಾಣುತ್ತದೆ. ಸಿಬ್ಬಂದಿ ಹೂಡಿದ್ದ ಮಲೋನ್ ಪ್ರಕರಣದಲ್ಲಿ ಅಪೀಲು ಕೋರ್ಟ್ 2010ರಲ್ಲಿ ಕೊಟ್ಟ ತೀರ್ಪನ್ನೂ ಸೇರಿಸಿ. ಒಂದು ವಿಮಾನಕ್ಕೆ ಇಷ್ಟು ಸಿಬ್ಬಂದಿ ಎಂಬ ಒಪ್ಪಂದ ಯೂನಿಯನ್ ಜೊತೆಗಿನದು, ಅದನ್ನು ಒಬ್ಬೊಬ್ಬ ಉದ್ಯೋಗಿ ತನ್ನ ಕೆಲಸದ ಕರಾರು ಎಂದು ಕೋರ್ಟಿನಲ್ಲಿ ಜಾರಿ ಮಾಡಿಸಲು ಬರುವುದಿಲ್ಲ ಎಂದು ಹೇಳಿತು. 14-15ರ ಪ್ರಶ್ನೆ ಕಾನೂನಿನ ದಾರಿಯಲ್ಲಿ ಅಲ್ಲಿಗೆ ಮುಗಿಯಿತು.

ಮುಂಜಾನೆ ಶಿಫ್ಟ್:

ಎಲ್ಲರಿಗೂ ಮನಸಾರೆ ಧನ್ಯವಾದ. ಈಗ ನನ್ನ ಬರಹದ ದಾರಿ ಬದಲಾಗಿದೆ. "ಕಂಪನಿಯೋ, ಯೂನಿಯನ್ನೋ" ಎಂದು ಕೇಳುವ ಬದಲು 2010ರ ಮಾರ್ಚ್, ಜುಲೈ, ಅಕ್ಟೋಬರ್, ಈ ಮೂರು ಸಲ ಪ್ರಸ್ತಾಪ ಬಂದಾಗ ಅದನ್ನು ಸದಸ್ಯರ ಹತ್ತಿರ ತೆಗೆದುಕೊಂಡು ಹೋಗಬೇಕಾದವರು ಯಾರು, ಹೋದರೋ ಇಲ್ಲವೋ ಎಂದು ಒಂದೊಂದಾಗಿ ನೋಡುತ್ತೇನೆ. ಕೊನೆಯ ಅಧ್ಯಾಯ ಮಿಕ್ಸ್ಡ್ ಫ್ಲೀಟ್ ಮತ್ತು 2017ರ ಮುಷ್ಕರ. ಹಳೇ ರೆಪ್ ಅವರೇ, ಕರಡು ಬರೆದ ಮೇಲೆ ಇಲ್ಲೇ ಹಾಕಿದರೆ ಓದುತ್ತೀರಾ?

ಹಳೇ ರೆಪ್:

ಖಂಡಿತ ಹಾಕಿ, ಓದುತ್ತೇನೆ. ಜುಲೈ ಭಾಗ ಬರೆಯುವಾಗ ವೋಟು ಹಾಕದೇ ಉಳಿದ ಅರ್ಧಕ್ಕಿಂತ ಹೆಚ್ಚು ಜನರ ಬಗ್ಗೆಯೂ ಬರೆಯಿರಿ. ಆ ವಿವಾದದ ಬಗ್ಗೆ ಬರೆದವರೆಲ್ಲ ಅವರನ್ನು ಬಿಟ್ಟೇ ಮುಂದೆ ಹೋಗುತ್ತಾರೆ.